ಮಂಗಳವಾರದ ಕಪ್

"ಜೇಬು ಖಾಲಿ ಮಾಡಿ ಮೇಡಂ," ಎಂದಳು ಟ್ವೈಲಾ ಬ್ರಾಂಟ್, ಕ್ಲಿನಿಕ್ಕಿನಲ್ಲಿ ಮೂತ್ರದ ಮಾದರಿ ತೆಗೆದುಕೊಳ್ಳುವ ಹುಡುಗಿ.

ತನಿಖೆಗೆ ಬಂದಿದ್ದ ಅರ್ಲೀನ್ ಪೊಕೋರ್ನಿ ಕಾರಿನ ಕೀ, ಅರ್ಧ ಮುಗಿದ ಚೂಯಿಂಗ್ ಗಮ್ಮಿನ ಪೊಟ್ಟಣ, ಶೆರಿಫ್ ಕಚೇರಿಯ ಪೊಲೀಸ್ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

"ಕೋಟೂ ಬಿಚ್ಚಬೇಕು. ಪರ್ಸ್ ಮಾತ್ರ ಇಟ್ಕೋಬಹುದು."

"ಲೈಲ್ ಹ್ರುಸ್ಕಾ ಬಂದ ದಿನ ಅವನಿಗೂ ಹೀಗೇ ಹೇಳಿದ್ಯಾ?"

"ಎಲ್ರಿಗೂ ಹೀಗೇ ಹೇಳೋದು."

ಮೂತ್ರಪರೀಕ್ಷೆಯ ಆ ಕೋಣೆ ಒಂದು ದೊಡ್ಡ ಬೀರುವಿನಷ್ಟೇ ಇತ್ತು. ಮೇಜು, ಗೋಡೆಗೆ ಹೊಂದಿದ ಕಪಾಟು, ಒಳಗೊಂದು ಶೌಚಾಲಯ. ಅದರ ನೀರಿಗೆ ನೀಲಿ ಬಣ್ಣ ಬೆರೆಸಿದ್ದರು. ನಲ್ಲಿಯ ಬಾಯಿಗೆ ಅಂಟುಪಟ್ಟಿ ಸುತ್ತಿದ್ದರು. ಕಪ್ಪಿಗೆ ಯಾರೂ ನೀರು ಬೆರೆಸಬಾರದು ಎಂದು.

ಟ್ವೈಲಾ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಪಕ್ಕದಲ್ಲೇ ಕುರ್ಚಿಯಿದ್ದರೂ ಕೂತಿರಲಿಲ್ಲ. ಅರ್ಲೀನ್ ಅದನ್ನು ಹೆದರಿಕೆ ಎಂದುಕೊಂಡಳು.

ಹೆದರಲು ಕಾರಣವಿತ್ತು. ಮಂಜುಗಟ್ಟಿದ ಸೇತುವೆಯ ಮೇಲೆ ಲೈಲ್‌ನ ಟ್ರಕ್ಕು, ಕೆಟ್ಟು ನಿಂತಿದ್ದ ಒಂದು ಕಾರಿಗೆ ಗುದ್ದಿತ್ತು. ಕಾರಿನಲ್ಲಿದ್ದ ಸಂಗೀತದ ಮೇಷ್ಟ್ರು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅಪಘಾತವಾದ ತಕ್ಷಣ ಲೈಲ್‌ನನ್ನು ಇದೇ ಕೋಣೆಗೆ ಕರೆತಂದಿದ್ದರು. ಅವನ ಮೂತ್ರದಲ್ಲಿ ಆಕ್ಸಿಕೋಡೋನ್ ಎಂಬ ನೋವಿನ ಮಾತ್ರೆಯ ಅಂಶ ಸಿಕ್ಕಿತ್ತು.

ಆದರೆ ಇವತ್ತು ಬೆಳಿಗ್ಗೆ, ಲ್ಯಾಬಿನ ಫಲಿತಾಂಶ ನೋಡಿ ತೀರ್ಮಾನ ಹೇಳುವ ಪರಿಶೀಲನೆಯ ಡಾಕ್ಟರು ಅರ್ಲೀನಳಿಗೆ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದರು. ನುಂಗಿದ ಮಾತ್ರೆ ದೇಹದಲ್ಲಿ ಒಡೆದು ಬೇರೊಂದು ಗುರುತು ಬಿಡುತ್ತದೆ. ಲೈಲ್‌ನ ಬಾಟಲಿಯಲ್ಲಿ ಮಾತ್ರೆ ಇತ್ತು, ಆ ಗುರುತು ಇರಲಿಲ್ಲ.

ಅಂದರೆ ಆ ಮಾತ್ರೆ ಅವನ ಹೊಟ್ಟೆಯ ಬಾಗಿಲನ್ನೇ ಕಂಡಿರಲಿಲ್ಲ. ಯಾರೋ ನೇರವಾಗಿ ಮೂತ್ರಕ್ಕೇ ಹಾಕಿದ್ದರು.

ಅರ್ಲೀನ್ ಶೌಚಾಲಯಕ್ಕೆ ಹೋಗಿ, ಕಾಗದದ ಲೋಟದಲ್ಲಿ ತಂದಿದ್ದ ಬೆಚ್ಚನೆ ಟೀಯನ್ನು ಕಪ್ಪಿಗೆ ಸುರಿದುಕೊಂಡು ಹೊರಬಂದಳು.

"ತಗೋ. ನಾನೇ ಲೈಲ್ ಅಂದ್ಕೋ. ಮುಂದೆ?"

ಟ್ವೈಲಾ ನಗಲಿಲ್ಲ. ಕಪ್ಪಿನ ಹೊರಗೆ ಅಂಟಿಸಿದ್ದ ಶಾಖದ ಪಟ್ಟಿ ನೋಡಿದಳು. "ಬಿಸಿ ಸರಿಯಾಗಿದೆಯಾ ನೋಡ್ತೀನಿ. ತಣ್ಣಗಿದ್ರೆ ಮನೆಯಿಂದ ತಂದಿದ್ದು ಅಂತ. ಆಮೇಲೆ ಅವರ ಎದುರಲ್ಲೇ ಎರಡು ಬಾಟಲಿಗೆ ಸುರೀತೀನಿ. ದೊಡ್ಡದು ಪರೀಕ್ಷೆಗೆ. ಚಿಕ್ಕದು, ತಕರಾರು ಬಂದ್ರೆ ಮುದ್ರೆ ಒಡೆದು ಮತ್ತೆ ಪರೀಕ್ಷೆ ಮಾಡೋಕೆ. ಎರಡಕ್ಕೂ ಮುದ್ರೆ ಅಂಟಿಸ್ತೀನಿ. ಮುದ್ರೆ ಮೇಲೆ ಅವರು ಸಹಿ ಮಾಡ್ತಾರೆ."

"ಅವತ್ತು ಹೀಗೇ ಆಯ್ತಾ?"

ಅವಳು ಉತ್ತರ ಕೊಡುವುದಕ್ಕೆ ಮೊದಲು ಕಪ್ಪನ್ನು ಸ್ವಲ್ಪ ಸರಿಸಿದಳು. ಸರಿಸುವ ಅಗತ್ಯವಿರಲಿಲ್ಲ.

"ಅವರ ಕೈಗೆ ಗಾಜು ಕುಯ್ದಿತ್ತು ಮೇಡಂ. ರಕ್ತ ಮೇಜಿನ ಮೇಲೆ ತೊಟ್ಟಿಕ್ತಿತ್ತು. ಇಲ್ಲಿ ನಲ್ಲಿಗೆ ಪಟ್ಟಿ ಸುತ್ತಿದೆ. ಅದಕ್ಕೆ ಕಾರಿಡಾರಿನ ನಲ್ಲೀಲಿ ತೊಳ್ಕೊಂಡು ಬನ್ನಿ ಅಂದೆ."

"ಮುದ್ರೆ ಹಾಕೋ ಮುಂಚೆ?"

"ಮುಂಚೆ."

"ಕಪ್?"

"ಇಲ್ಲೇ ಮೇಜಿನ ಮೇಲೆ. ನಾನು ಬ್ಯಾಂಡೇಜ್ ತರೋಕೆ ಪಕ್ಕದ ರೂಮಿಗೆ ಹೋದೆ. ವಾಪಸ್ ಬಂದ ಮೇಲೆ ಅವರ ಎದುರಿಗೇ ಸುರಿದೆ."

"ಮುದ್ರೆ ಬೀಳೋವರೆಗೂ ಮಾದರಿ ಡ್ರೈವರ್ ಕಣ್ಣ ಮುಂದೇನೇ ಇರಬೇಕು ಅಲ್ವಾ?"

"ರಕ್ತ ಸುರೀತಿತ್ತು ಮೇಡಂ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಮಾತು ಒರಟಾಗಿತ್ತು. ಆದರೆ ದನಿ ಅರ್ಧದಲ್ಲೇ ಒಡೆಯಿತು. ಅರ್ಲೀನ್ ಕಾರಿಡಾರಿನ ಕಡೆ ನೋಡಿದಳು. ಕೈ ತೊಳೆಯುವ ತೊಟ್ಟಿಯ ಎದುರಿಗೇ ಒಂದು ಬೆಂಚು.

"ಆ ಬೆಂಚಿನ ಮೇಲೆ ಯಾರು ಕೂತಿದ್ರು?"

"ಜ್ಞಾಪಕ ಇಲ್ಲ."

"ಡೆನಿಸ್ ಕೋಪ್ ಕೂತಿದ್ದ. ಟ್ರಕ್ ಕಂಪನಿ ಸುರಕ್ಷತಾ ಮ್ಯಾನೇಜರ್. ಲೈಲ್‌ನ ಕರ್ಕೊಂಡು ಬಂದೋನೇ ಅವನು. ಅವನೇ ನನ್ನ ಹತ್ರ ಹೇಳಿದಾನೆ. ನಿನಗೆ ಜ್ಞಾಪಕ ಇಲ್ವಾ?"

"ಇದ್ರು ಅನ್ಸುತ್ತೆ."

ಕಪಾಟಿನಲ್ಲಿ ಕಪ್ಪುಗಳ ಎರಡು ಸಾಲಿತ್ತು. ಒಂದರ ಮುಚ್ಚಳ ನೀಲಿ, ಇನ್ನೊಂದರದು ಬಿಳಿ. ಅರ್ಲೀನ್ ಬಿಳಿ ಮುಚ್ಚಳದ್ದೊಂದನ್ನು ಕೈಗೆತ್ತಿಕೊಂಡಳು.

"ಇದು ಯಾರಿಗೆ?"

"ಅದು ಮಂಗಳವಾರದ ಕಪ್."

"ಹಂಗಂದ್ರೆ?"

"ಮಂಗಳವಾರ ನೋವಿನ ಡಾಕ್ಟರು ಬರ್ತಾರೆ. ಅವರ ರೋಗಿಗಳಿಗೆ ಅದು. ಡ್ರೈವರ್ ಕಪ್ಪಲ್ಲಿ ಮಾತ್ರೆ ಇರಬಾರ್ದು. ಮಂಗಳವಾರದ ಕಪ್ಪಲ್ಲಿ ಇರ್ಲೇಬೇಕು. ಇಲ್ದಿದ್ರೆ ‘ನೀನು ತಿಂತಿಲ್ಲ, ಬೇರೆ ಯಾರಿಗೋ ಕೊಡ್ತಿದೀಯ’ ಅಂತ ಚೀಟಿ ಬರ್ಕೊಡೋದು ನಿಲ್ಲಿಸ್ತಾರೆ."

"ಲೈಲ್ ಮಂಗಳವಾರಾನೂ ಬರ್ತಾನಾ?"

ಟ್ವೈಲಾ ಅವಳ ಕೈಯಿಂದ ಕಪ್ಪನ್ನು ಮೆಲ್ಲಗೆ ತೆಗೆದುಕೊಂಡು ಸಾಲಿಗೆ ಸೇರಿಸಿದಳು.

"ಬೆನ್ನಿನ ಆಪರೇಷನ್ ಆದಾಗಿಂದ ಬರ್ತಾರೆ," ಎಂದಳು. ಆಮೇಲೆ ಏನು ಕೇಳಿದರೂ ‘ಗೊತ್ತಿಲ್ಲ ಮೇಡಂ’ ಒಂದೇ.

*

ಹೊರಗೆ ಹಳೆಯ ಹಿಮ ರಸ್ತೆಯ ಅಂಚಿನಲ್ಲಿ ಕೊಳೆಯಾಗಿ ಬಿದ್ದಿತ್ತು. ಗಾಳಿ ಜೋಳದ ಬರಿ ಹೊಲಗಳ ಮೇಲಿಂದ ಅಡೆತಡೆಯಿಲ್ಲದೆ ಬೀಸುತ್ತಿತ್ತು. ನೆಬ್ರಾಸ್ಕಾದಲ್ಲಿ ಮಾರ್ಚ್ ತಿಂಗಳು ಬಂದರೂ ವಸಂತ ಬರುವುದಿಲ್ಲ, ಹೆಸರು ಮಾತ್ರ ಬರುತ್ತದೆ.

ಕಾರು ಹತ್ತುತ್ತಿದ್ದಂತೆ ಶೆರಿಫ್ ಡನಮ್‌ನ ಫೋನು.

"ಅರ್ಲೀನ್, ಎಲ್ಲಿದೀಯ?"

"ಕ್ಲಿನಿಕ್ಕಲ್ಲಿ."

"ನಾಳೆ ಬೆಳಿಗ್ಗೆ ಕೋರ್ಟು. ಮಾತ್ರೆ ತಿಂದು ಓಡಿಸಿ ಒಬ್ಬನ್ನ ಕೊಂದ ಅಂತ ಆರೋಪ ಓದ್ತಾರೆ. ಇಪ್ಪತ್ತು ವರ್ಷ ಆಗಬಹುದು ಅವನಿಗೆ. ನೀನು ಇನ್ನೂ ಟೀ ಸುರ್ಕೊಂಡು ಆಟ ಆಡ್ತಿದೀಯಂತೆ."

"ಯಾರು ಹೇಳಿದ್ದು?"

"ಕೋಪ್ ಫೋನ್ ಮಾಡಿದ್ದ. ಪಾಪ, ಅವನಿಗೂ ಬೇಜಾರಾಗಿದೆ."

ಕೋಪ್‌ನ ಬೇಜಾರಿಗೆ ಕಾರಣ ಅರ್ಲೀನಳಿಗೆ ಗೊತ್ತಿತ್ತು. ಅಪಘಾತಕ್ಕೆ ಮುಂಚೆ ಲೈಲ್ ಬ್ರೇಕಿನ ಬಗ್ಗೆ ಗ್ಯಾರೇಜಿನಲ್ಲಿ ಎರಡು ಸಲ ಗಲಾಟೆ ಮಾಡಿದ್ದ. ಡ್ರೈವರ್ ಮತ್ತಿನಲ್ಲಿದ್ದ ಎಂದಾದರೆ ಬ್ರೇಕಿನ ಮಾತು ಯಾರೂ ಎತ್ತುವುದಿಲ್ಲ.

ಅವಳು ಟೀ ಸುರಿದದ್ದು ಈಗಷ್ಟೆ. ಆ ಸುದ್ದಿ ಅವಳು ಕಾರು ಹತ್ತುವ ಮೊದಲೇ ಕೋಪ್‌ನ ಕಿವಿ ಮುಟ್ಟಿತ್ತು. ಆ ಕೋಣೆಯಲ್ಲಿ ಇಬ್ಬರೇ ಇದ್ದರು.

ಅರ್ಲೀನ್ ಕ್ಲಿನಿಕ್ಕಿನ ಕಿಟಕಿಯ ಕಡೆ ತಿರುಗಿ ನೋಡಿದಳು. ಪರದೆ ಎಳೆದಿತ್ತು.

*

"ಬಾ ಪೊಕೋರ್ನಿ ಮಗಳೇ. ಬೂಟ್ಸು ಅಲ್ಲೇ ಬಿಡು. ಜೈಲಿಗೆ ಹೋಗೋನ ಮನೆ ಆದ್ರೂ ನೆಲ ಒರೆಸಿದೀನಿ."

ಲೈಲ್ ಹ್ರುಸ್ಕಾ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಚಿಲ್ಲಿ ಕುದಿಸುತ್ತಿದ್ದ. ಬೀನ್ಸು, ಮಾಂಸ, ಖಾರದ ಘಾಟು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ದಾಲ್ಚಿನ್ನಿ ರೋಲುಗಳು. ಅವನ ಎರಡು ಕೈಗೂ ಗಾಜಿನ ಗಾಯ ಒಣಗಿ ಕಂದು ಗೆರೆಗಳಾಗಿದ್ದವು.

"ನಾನು ಊಟಕ್ಕೆ ಬಂದಿಲ್ಲ ಲೈಲ್."

"ನಿಮ್ಮಪ್ಪನೂ ಹಂಗೇ ಅಂತಿದ್ದ. ಆಮೇಲೆ ಎರಡು ಬಟ್ಟಲು ಖಾಲಿ ಮಾಡ್ತಿದ್ದ. ಕೂತ್ಕೋ."

ಅವಳ ಅಪ್ಪನೂ ಟ್ರಕ್ ಡ್ರೈವರ್. ಅವನೂ ಲೈಲೂ ಒಂದೇ ರಸ್ತೆ ಸವೆಸಿದವರು. ಅರ್ಲೀನ್ ಕೂತಳು. ಕಿಟಕಿಯಾಚೆ, ಟ್ರಕ್ಕು ನಿಲ್ಲುತ್ತಿದ್ದ ಜಾಗದಲ್ಲಿ ಹಿಮದ ಮೇಲೆ ಎಣ್ಣೆಯ ಕಲೆಯೊಂದೇ ಉಳಿದಿತ್ತು.

"ಮಾತ್ರೆ ಸಿಕ್ಕಿದೆ ಅಂತ ಪರಿಶೀಲನೆ ಡಾಕ್ಟರು ಫೋನ್ ಮಾಡಿದಾಗ ನೀವು ಏನಂದ್ರಿ?"

"ಏನೋ ಅಂದೆ."

"‘ಆ ಎರಡನೇ ಬಾಟಲಿ ಒಡೀರಿ, ಈಗಲೇ ಒಡೀರಿ’ ಅಂತ ಕೂಗಾಡಿದ್ರಂತೆ. ಅವರು ಫೋನು ಕಿವಿಯಿಂದ ದೂರ ಹಿಡೀಬೇಕಾಯ್ತಂತೆ."

"ವಯಸ್ಸಾಯ್ತು. ಕಿವಿ ಕೇಳ್ಸಲ್ಲ. ಜೋರಾಗಿ ಮಾತಾಡ್ತೀನಿ."

"ಮರುದಿನ ನೀವೇ ಫೋನ್ ಮಾಡಿ ‘ಬೇಡ, ಬಿಟ್ಬಿಡಿ’ ಅಂದ್ರಿ. ಅವತ್ತು ಮೆತ್ತಗೆ ಮಾತಾಡಿದ್ರಂತೆ. ಯಾಕೆ?"

"ಕೋಪ ಇಳೀತು."

"ಇಪ್ಪತ್ತು ವರ್ಷ ಜೈಲು ಕಣ್ಣೆದುರಿಗಿರುವಾಗ ಯಾರ ಕೋಪಾನೂ ಹಂಗೆ ಇಳಿಯಲ್ಲ ಲೈಲ್. ಆಗಲೇ ಬಾಟಲಿ ಬೇರೆ ಲ್ಯಾಬಿಗೆ ಹೊರಟುಬಿಟ್ಟಿತ್ತು. ನೀವು ಬೇಡ ಅಂದ್ರೂ ಇವತ್ತು ಫಲಿತಾಂಶ ಬರುತ್ತೆ."

ಸೌಟು ಪಾತ್ರೆಯೊಳಗೆ ನಿಂತಿತು. ಒಂದು ಕ್ಷಣ ಮಾತ್ರ. ಮತ್ತೆ ತಿರುಗತೊಡಗಿತು.

"ಬರಲಿ," ಎಂದ.

ಅರ್ಲೀನ್ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ನುಂಗಿದ ಮಾತ್ರೆಯ ಗುರುತು, ಅದು ಇಲ್ಲದಿದ್ದದ್ದು. ನಿರಪರಾಧಿಯಾದವನು ಈ ಮಾತು ಕೇಳಿದರೆ ಎದ್ದು ಕುಣಿಯಬೇಕು. ಲೈಲ್ ಉಪ್ಪಿನ ಡಬ್ಬಿ ಹುಡುಕುತ್ತಿದ್ದ. ಅದು ಅವನ ಕೈಯ ಪಕ್ಕದಲ್ಲೇ ಇತ್ತು.

"ಮಾತ್ರೆ ಹಾಕಿದ್ದು ಮೂವರಲ್ಲಿ ಒಬ್ರು," ಎಂದಳು. "ನೀವು ಕೈ ತೊಳೀತಿದ್ದಾಗ ಕೋಣೇಲಿ ಯಾರೂ ಇರಲಿಲ್ಲ, ಕಪ್ ಒಂದೇ ಇತ್ತು. ಬೆಂಚಿನ ಮೇಲೆ ಕೋಪ್. ಬ್ರೇಕಿನ ಮಾತು ಮುಚ್ಚಿಹೋಗೋದು ಅವನಿಗೆ ಬೇಕು."

ಲೈಲ್ ನಕ್ಕ. ಚೆನ್ನಾದ ನಗುವಲ್ಲ. "ಕೋಪ್ ಸ್ವಂತ ಕೈ ಒದ್ದೆ ಮಾಡ್ಕೊಳ್ಳೋ ಜಾತಿಯವನಲ್ಲಮ್ಮ. ಅವನ ಕೈಗವಸು ನೋಡಿದೀಯಾ? ಹತ್ತು ವರ್ಷದಿಂದ ಅದೇ ಜೊತೆ. ಒಂದು ಗ್ರೀಸಿನ ಕಲೆ ಇಲ್ಲ."

"ಹಾಗಾದ್ರೆ ಟ್ವೈಲಾ."

"ಅವಳ ಹೆಸರು ಎತ್ತಬೇಡ."

ಎಷ್ಟು ಬೇಗ ಬಂತು ಆ ಮಾತು! ಬಂದ ಮೇಲೆ ಅವನಿಗೇ ಅದು ಕೇಳಿಸಿದಂತಿತ್ತು. ಒಲೆ ಆರಿಸಿ, ಕುರ್ಚಿಯ ಅಂಚಿನಲ್ಲಿ, ಬೆನ್ನು ಒರಗಿಸದೆ ಕೂತ.

"ಸರಿ. ಬರ್ಕೋ," ಎಂದ. "ನಾನೇ ಹಾಕಿದ್ದು."

"ಏನು?"

"ಮಾತ್ರೆ. ಕಪ್ಪಿಗೆ. ನನ್ನ ಕಪ್ಪಿಗೆ ನಾನೇ."

"ಯಾವ ಹುಚ್ಚ ತನ್ನ ಕಪ್ಪಿಗೆ ತಾನೇ ಮಾತ್ರೆ ಹಾಕ್ಕೋತಾನೆ?"

"ಮಂಗಳವಾರದ ಹುಚ್ಚ."

ಅವನು ಮೇಲಿನ ಶೆಲ್ಫಿನಿಂದ ತಲೆನೋವಿನ ಮಾತ್ರೆಯ ಡಬ್ಬಿ ತೆಗೆದ. ಒಂದನ್ನು ಬೆರಳುಗಳ ನಡುವೆ ಹಿಡಿದು ಹೆಬ್ಬೆರಳಿನ ಉಗುರಿನಿಂದ ಕೆರೆದ. ಬಿಳಿ ಪುಡಿ ಚಮಚದೊಳಗೆ ಉದುರಿತು. ಒಂದು ಕಣವೂ ಹೊರಗೆ ಬೀಳಲಿಲ್ಲ.

"ಎರಡು ವರ್ಷದಿಂದ ನಾನು ಆ ಮಾತ್ರೆ ಬಾಯಿಗೆ ಹಾಕಿಲ್ಲ. ಅದನ್ನ ತಿಂದು ಸ್ಟೀರಿಂಗ್ ಹಿಡಿಯೋನಲ್ಲ ನಾನು. ಆದ್ರೆ ತಿಂತಿಲ್ಲ ಅಂದ್ರೆ ನೋವಿನ ಡಾಕ್ಟರು ಕೊಡೋದು ನಿಲ್ಲಿಸ್ತಾನೆ. ಅದಕ್ಕೆ ಪ್ರತಿ ಮಂಗಳವಾರದ ಕಪ್ಪಿಗೂ ಸ್ವಲ್ಪ ಕೆರೆದು ಹಾಕ್ತೀನಿ. ಅಲ್ಲಿ ಈ ಗುರುತು ಆ ಗುರುತು ಯಾರೂ ನೋಡಲ್ಲ. ಇದೆಯಾ ಇಲ್ವಾ, ಅಷ್ಟೆ. ಮಾತ್ರೆ ಪರ್ಸಲ್ಲಿರುತ್ತೆ. ಪರ್ಸ್ ಒಳಗೆ ಬಿಡ್ತಾರೆ."

"ಅಪಘಾತದ ದಿನ ಮಂಗಳವಾರ ಅಲ್ಲ."

"ಅದೇ ಕೋಣೆ. ಅದೇ ಹುಡುಗಿ. ತಲೆಯೊಳಗೆ ಇನ್ನೂ ಗಾಜು ಒಡೀತಾನೇ ಇತ್ತು. ಕಪ್ ಕೈಗೆ ಬಂದ ತಕ್ಷಣ ಬೆರಳು ತಾನಾಗೇ ಪರ್ಸಿಗೆ ಹೋಯ್ತು. ಮೇಷ್ಟ್ರು ಆಗಿನ್ನೂ ಬದುಕಿದ್ದ. ಕಂಪನಿ ಪರೀಕ್ಷೆ ಮಾತ್ರ ಆಗಿದ್ರೆ ಡಾಕ್ಟರ್ ಚೀಟಿ ತೋರಿಸಿ ಹೆಂಗೋ ಬಚಾವಾಗ್ತಿದ್ದೆ. ಆಮೇಲೆ ಅವನು ಸತ್ತ."

ಅರ್ಲೀನ್ ಬರೆದುಕೊಳ್ಳಲಿಲ್ಲ. ಮಾತು ನಂಬುವಂತಿತ್ತು. ಈ ಊರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಂಥ ತಪ್ಪು ಯಾರೂ ಮಾಡುವುದಿಲ್ಲ. ಮಾತ್ರೆ ತಿನ್ನದಿದ್ದರೆ ಒಬ್ಬ ಡಾಕ್ಟರು ಬಿಡುವುದಿಲ್ಲ, ತಿಂದರೆ ಇನ್ನೊಬ್ಬ ಬಿಡುವುದಿಲ್ಲ. ಇಬ್ಬರ ಕಪ್ಪೂ ಒಂದೇ ಕಪಾಟಿನಲ್ಲಿ.

"ಹಂಗಾದ್ರೆ ಆ ಮಾತ್ರೆಗಳೆಲ್ಲ ಎಲ್ಲಿಗೆ ಹೋದ್ವು?"

"ಮಾರಿದೆ."

"ಯಾರಿಗೆ?"

"ಹೈವೇ ಉದ್ದಕ್ಕೂ ಕೊಳ್ಳೋರಿದಾರೆ."

"ಅದು ಒಪ್ಕೊಂಡ್ರೆ ಶಿಕ್ಷೆ ಇನ್ನೂ ಜಾಸ್ತಿ ಆಗುತ್ತೆ. ಗೊತ್ತಾ?"

"ಅರವತ್ತಮೂರು ನನಗೆ. ಇಪ್ಪತ್ತಾದ್ರೇನು ಮೂವತ್ತಾದ್ರೇನು, ಒಂದೇ ಬಾಗಿಲಿಂದ ಹೊರಗೆ ಬರ್ತೀನಿ. ಮಲಗಿಸ್ಕೊಂಡು ಬರ್ತಾರೆ, ಅಷ್ಟೆ."

ಅವನ ಮುಖ ನೋಡುವುದು ಕಷ್ಟವಾಗಿ ಅರ್ಲೀನ್ ಬೇರೆ ಕಡೆ ಕಣ್ಣು ಹಾಯಿಸಿದಳು. ಫ್ರಿಜ್ಜಿನ ಬಾಗಿಲಿಗೆ ಒಂದು ಫೋಟೋ ಅಂಟಿಸಿತ್ತು. ತೆರೆದ ಟ್ರಕ್ಕಿನ ಮೇಲೆ ಪೇರಿಸಿದ ಮರದ ದಿಮ್ಮಿಗಳು. ಅವುಗಳ ನೆತ್ತಿಯಲ್ಲಿ ಒಬ್ಬ ಹುಡುಗಿ, ಎರಡು ಕಾಲು ಅಗಲಿಸಿ ನಿಂತು, ತಾಡಪಾಲಿನ ಹಗ್ಗ ಎಳೆಯುತ್ತ, ಬಾಯಿ ತುಂಬ ನಗುತ್ತಿದ್ದಾಳೆ.

ಆ ನಗು ಅರ್ಲೀನಳಿಗೆ ಗುರುತು ಸಿಗಲಿಲ್ಲ. ಆದರೆ ಆ ದವಡೆ, ಆ ಹುಬ್ಬು ಸಿಕ್ಕವು.

"ಇದು ಟ್ವೈಲಾ ಅಲ್ವಾ?"

ಲೈಲ್ ಮಾತ್ರೆಯ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದ.

"ಅವಳು ಟ್ರಕ್ ಓಡಿಸ್ತಿದ್ಲಾ?"

"ನನಗಿಂತ ಚೆನ್ನಾಗಿ," ಎಂದ ಕಡೆಗೆ. "ನಾನೇ ಕಲಿಸಿದ್ದು. ಹಿಂದಕ್ಕೆ ತಗೊಳ್ಳೋದ್ರಲ್ಲಿ ಎಂಥ ಕೈ ಅಂತೀಯ! ಹಳೇ ಡ್ರೈವರುಗಳು ಕಾಫಿ ಬಿಟ್ಟು ಎದ್ದು ಬಂದು ನೋಡ್ತಿದ್ರು. ಒಂದಿನ ಗಾಳಿ ಇತ್ತು. ಇವತ್ತಿನ ಥರಾನೇ. ಇಂಥ ಗಾಳೀಲಿ ತಾಡಪಾಲು ಹೊದಿಸೋದು ಬೇಡ ಅಂದೆ. ಲೋಡು ಈಗಲೇ ಹೊರಡಬೇಕು ಅಂದ ಕೋಪ್. ಗಾಳಿ ತಾಡಪಾಲು ಎತ್ತಿತು, ಅವಳನ್ನೂ ಸೇರಿಸಿ ಎತ್ತಿತು. ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು."

"ಸೊಂಟ ಮುರೀತಾ?"

"ಸೊಂಟ. ಸೇಫ್ಟಿ ಬೆಲ್ಟ್ ಕಟ್ಕೊಂಡಿರಲಿಲ್ಲ, ಅವಳದೇ ತಪ್ಪು ಅಂದ ಕೋಪ್. ಕಟ್ಕೊಳ್ಳೋಕೆ ಆ ಅಂಗಳದಲ್ಲಿ ಬೆಲ್ಟೇ ಇರಲಿಲ್ಲ. ಕಂಪನಿ ಡಾಕ್ಟರು ಕೆಲವು ತಿಂಗಳು ಮಾತ್ರೆ ಕೊಟ್ಟ. ಆಮೇಲೆ ಇನ್ನು ಸಾಕು ಅಂದ. ನೋವು ನಿಂತಿದೆಯಾ ಅಂತ ಮಾತ್ರ ಯಾರೂ ಕೇಳಲಿಲ್ಲ."

ಒಂಟಿ ಕಾಲಿನ ಮೇಲೆ ನಿಂತಿದ್ದ ಹುಡುಗಿ ಅರ್ಲೀನಳ ಕಣ್ಣಮುಂದೆ ಬಂದಳು. ಅದು ಹೆದರಿಕೆಯಾಗಿರಲಿಲ್ಲ.

"ನೀವು ಮಾರಿಲ್ಲ ಲೈಲ್. ಅವಳಿಗೆ ಕೊಟ್ರಿ."

"ಮಾರಿದೆ ಅಂತ ಬರ್ಕೋ."

"ಒಂದು ಮಾತ್ರೇನೂ ಮಾರಿಲ್ಲ."

"ನಿನ್ನ ಕೈ ಮುಗೀತೀನಿ. ಮಾರಿದೆ ಅಂತ ಬರ್ಕೋ. ಸಹಿ ಹಾಕ್ತೀನಿ. ಅವಳಿಗಿರೋದು ಆ ಕೆಲಸ ಒಂದೇ. ಬೇರೆಯವನ ಮಾತ್ರೆ ತಿಂತಾಳೆ ಅಂತ ಗೊತ್ತಾದ್ರೆ ಅದೂ ಹೋಯ್ತು. ಮಾತ್ರೆ ನಿಂತ್ರೆ ಹಾಸಿಗೆ ಬಿಟ್ಟು ಏಳೋಕೂ ಆಗಲ್ಲ. ನಾನು ಒಳಗಿದ್ರೆ ಯಾರಿಗೇನು ನಷ್ಟ? ಟ್ರಕ್ಕೂ ಇಲ್ಲ, ಹೆಂಡ್ತೀನೂ ಇಲ್ಲ. ಈ ಚಿಲ್ಲಿ ಒಂದು ಪಾತ್ರೆ, ಅದನ್ನ ನೀನು ತಗೊಂಡು ಹೋಗು."

ಅರ್ಲೀನ್ ಪೆನ್ನು ತೆಗೆದಳು. ಮುಚ್ಚಳ ತೆಗೆಯಲಿಲ್ಲ. ಇವನ ಸಹಿ ಬಿದ್ದರೆ ಪ್ರಕರಣ ಮುಗಿಯುತ್ತದೆ. ಶೆರಿಫ್‌ಗೆ ಖುಷಿ, ಕೋಪ್‌ಗೆ ಖುಷಿ. ಕೆಟ್ಟ ಬ್ರೇಕಿನ ಟ್ರಕ್ಕುಗಳು ನಾಳೆಯೂ ಸೇತುವೆ ದಾಟುತ್ತವೆ.

ಫೋನು ಬಡಿದುಕೊಂಡಿತು. ಪರಿಶೀಲನೆಯ ಡಾಕ್ಟರು.

ಅರ್ಲೀನ್ ಎದ್ದು ಕಿಟಕಿಯ ಹತ್ತಿರ ಹೋಗಿ ಕೇಳಿಸಿಕೊಂಡಳು. "ಇನ್ನೊಂದ್ಸಲ ಹೇಳಿ," ಎಂದಳು. ಮತ್ತೆ ಕೇಳಿಸಿಕೊಂಡಳು. "ಇದು ಯಾರ್ಯಾರಿಗೆ ಗೊತ್ತು?" ಎಂದು ಕೇಳಿ, ಉತ್ತರ ಬಂದ ಮೇಲೆ ಫೋನು ಇಟ್ಟಳು.

"ಲೈಲ್, ನೀವು ಮಾತ್ರೆ ಹಾಕಿದ್ದು ಕಪ್ಪಿಗೆ ಅಂದ್ರಿ ಅಲ್ವಾ?"

"ಹೌದು."

"ಎರಡು ಬಾಟಲಿಗೂ ಆ ಒಂದೇ ಕಪ್ಪಿಂದ ಸುರಿದಿದ್ದು ತಾನೆ?"

"ಹೌದು. ನನ್ನ ಕಣ್ಣೆದುರಿಗೇ."

"ಎರಡನೇ ಬಾಟಲೀಲಿ ಏನೂ ಇಲ್ಲ. ಅದು ಸ್ವಚ್ಛವಾಗಿದೆ."

ಗೋಡೆಯಾಚೆ ಗಾಳಿ ಯಾವುದೋ ಸಡಿಲ ತಗಡನ್ನು ಬಡಿಯುತ್ತಿತ್ತು.

"ಕಪ್ಪಲ್ಲಿ ಮಾತ್ರೆ ಇದ್ದಿದ್ರೆ ಎರಡರಲ್ಲೂ ಇರಬೇಕಿತ್ತು. ಕಪ್ ಚೊಕ್ಕಟವಾಗೇ ಇತ್ತು. ನೀವು ಏನೂ ಹಾಕಿಲ್ಲ. ಬೆಂಚಿಂದ ಎದ್ದು ಬಂದು ಕೋಪ್‌ ಕಪ್ಪಿಗೆ ಹಾಕಿದ ಅನ್ನೋದೂ ಸುಳ್ಳು. ಸುರಿದಾದ ಮೇಲೆ, ಮುದ್ರೆ ಬೀಳೋ ಮುಂಚೆ, ದೊಡ್ಡ ಬಾಟಲಿಗೆ ಮಾತ್ರ ಬಿದ್ದಿದೆ. ನೀವು ಕೈ ತೊಳೆಯೋಕೆ ಹೋಗಿದ್ದು ಸುರಿದ ಮೇಲೇನೇ ಅಲ್ವಾ? ಟ್ವೈಲಾ ನನ್ನ ಹತ್ರ ಹಿಂದುಮುಂದು ಮಾಡಿ ಹೇಳಿದ್ಲು."

ಲೈಲ್ ಚಮಚದಲ್ಲಿದ್ದ ಬಿಳಿ ಪುಡಿಯನ್ನೇ ನೋಡುತ್ತಿದ್ದ.

"ಎರಡು ಬಾಟಲಿ ಹೊಂದದಿದ್ರೆ ಪರೀಕ್ಷೇನೇ ರದ್ದು. ನಾಳೆ ನಿಮ್ಮ ಮೇಲೆ ಮಾತ್ರೆ ಆರೋಪ ಓದೋಕೆ ಆಗಲ್ಲ ಅವರಿಗೆ. ಕೇಳಿಸ್ತಾ?"

ಅವನಿಗೆ ಕೇಳಿಸಿತ್ತು. ಬಣ್ಣವಿಳಿದ ಮುಖ ಮೇಲೆತ್ತಿದ.

"ನೀನು ಫೋನಲ್ಲಿ ಕೇಳಿದ್ಯಲ್ಲ, ಯಾರ್ಯಾರಿಗೆ ಗೊತ್ತು ಅಂತ. ಏನಂದ್ರು?"

"ನಿಯಮದ ಪ್ರಕಾರ ಕಂಪನಿಗೆ ಮೊದಲು ತಿಳಿಸ್ತಾರೆ. ಆಗಲೇ ತಿಳಿಸಿದ್ರಂತೆ. ನನಗೆ ಹೇಳೋಕೆ ಮುಂಚೇನೇ."

"ಕಂಪನಿಗೆ ಅಂದ್ರೆ ಕೋಪ್‌ಗೆ."

"ಹೌದು."

ಲೈಲ್ ಎದ್ದ. ಬೆನ್ನು ಹಿಡಿದುಕೊಂಡಿತು, ಮೇಜಿಗೆ ಒರಗಿದ. "ಅವನಿಗೆ ಗೊತ್ತಿತ್ತಮ್ಮ. ಮಾತ್ರೆ ವಿಷಯ. ಕ್ಲಿನಿಕ್ಕಿನ ಪಾರ್ಕಿಂಗಲ್ಲಿ ನಾನು ಅವಳ ಕೈಗೆ ಕೊಡೋದನ್ನ ನೋಡಿದ್ದ. ನೋಡಿ ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದ. ಅವತ್ತಿಂದ ಕಾಯ್ತಿದ್ದ, ಯಾವಾಗ ಬೇಕಾಗುತ್ತೋ ಅಂತ. ಅದನ್ನೇ ಹೇಳಿ ಹೆದರಿಸಿ ಅವಳ ಕೈಲಿ ಹಾಕಿಸಿದಾನೆ ಅಂತ ನನಗೆ ಮರುದಿನ ಹೊಳೀತು. ಬಾಟಲಿ ಬೇಡ ಅಂದಿದ್ದು ಅದಕ್ಕೇ."

"ನನಗೆ ಮೊದಲೇ ಹೇಳಬೇಕಿತ್ತು ಲೈಲ್."

"ಹೇಳಿದ್ರೆ ನೀನು ಅವಳನ್ನ ಹಿಡೀತಿದ್ದೆ. ಈಗ ಹಿಡಿ, ಬೇಗ ಹಿಡಿ. ಅವನು ಅವಳನ್ನ ಮುಟ್ಟೋ ಮುಂಚೆ ನೀನು ಹಿಡಿ. ಅವಳು ಬಾಯಿ ಬಿಟ್ರೆ ಅವನು ಮುಗಿದ. ಅವಳ ಕೋಣೇಲಿ ಆ ಮಾತ್ರೆ ಡಬ್ಬಿ ತುಂಬ ಇದೆ. ಒಂಟಿ ಹುಡುಗಿ, ಸೊಂಟ ನೋವು, ಕೆಲಸ ಹೋಗೋ ಹೆದರಿಕೆ. ನಾಳೆ ಯಾರಾದ್ರೂ ಬಾಗಿಲು ಒಡೆದು ನೋಡಿದ್ರೆ ಏನಂತಾರೆ? ಅವಳೇ ನುಂಗಿದ್ಲು ಅಂತಾರೆ. ಒಬ್ಬನೂ ಪ್ರಶ್ನೆ ಕೇಳಲ್ಲ."

ಅರ್ಲೀನ್ ಆಗಲೇ ಟ್ವೈಲಾಳ ಮೊಬೈಲಿಗೆ ಕರೆ ಮಾಡಿದ್ದಳು. ಗಂಟೆ ಹೋಗುತ್ತಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಮಾಡಿ, ಒಂದು ಕೈಯಿಂದ ಬೂಟು ಎಳೆದುಕೊಳ್ಳತೊಡಗಿದಳು.

ಆ ಕಡೆ ಎತ್ತಿದರು.

"ಟ್ವೈಲಾ? ನಾನು ಪೊಕೋರ್ನಿ. ಎಲ್ಲಿದೀಯ?"

ಎಲ್ಲೋ ಹತ್ತಿರದಲ್ಲಿ ನಲ್ಲಿಯಿಂದ ನೀರು ಲೋಟಕ್ಕೆ ಬೀಳುವ ಸದ್ದು. ನೀರು ನಿಂತಿತು.

"ಟ್ವೈಲಾ, ನಾನು ಬರ್ತಿದೀನಿ. ನೀನು ಅಲ್ಲಿಂದ ಹೊರಗೆ ಬಾ. ಜನ ಇರೋ ಕಡೆ ಹೋಗಿ ನಿಂತ್ಕೋ."

"ಅವಳು ಈಗತಾನೆ ಮಲಗಿದ್ಲು," ಎಂದಿತು ಒಂದು ಗಂಡು ದನಿ. ಮೃದುವಾಗಿ, ಮಗುವನ್ನು ತಟ್ಟಿ ಮಲಗಿಸಿದವರು ಮಾತಾಡುವ ಹಾಗೆ. "ತುಂಬ ನೋವು ಅಂತಿದ್ಲು ಪಾಪ. ಎಬ್ಬಿಸೋದು ಬೇಡ ಬಿಡಿ."

ಕರೆ ಕಡಿದುಹೋಯಿತು.

ಅರ್ಲೀನ್ ಲೈಲ್‌ನ ಮುಖ ನೋಡಿದಳು. ಅದು ಯಾರ ದನಿ ಎಂದು ಅವನನ್ನು ಕೇಳುವ ಅಗತ್ಯವಿರಲಿಲ್ಲ.